ಪಹಣಿಯಲ್ಲಿ ಕಾಲಂ ಇಲ್ಲದ ಬಾಬ್ತುಗಳು: ಒಂದು ಪಾಲುಪಾರಿಕತ್ತಿನ ಪ್ರಕರಣ

ಯಜಮಾನರು ನನ್ನ ಕಚೇರಿಗೆ ಬಂದಾಗ ಪಾಲು ಆಗಲೇ ಮುಗಿದುಹೋಗಿತ್ತು. ಮೊಮ್ಮಗನ ನೋಟುಪುಸ್ತಕದಿಂದ ಹರಿದ ಹಾಳೆಯೊಂದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದರು. ಅದನ್ನು ಮೇಜಿನ ಮೇಲೆ ಬಿಡಿಸಿ, "ಇದನ್ನೇ ಛಾಪಾ ಕಾಗದದ ಮೇಲೆ ಬರೆದು ರಿಜಿಸ್ಟರ್ ಮಾಡಿಸಿಕೊಡಿ ವಕೀಲರೇ, ಬೇರೇನೂ ಬೇಡ" ಎಂದರು.

ತೋಟ ದೊಡ್ಡ ಮಗನಿಗೆ. ಮೇಲಿನ ಹೊಲವೂ ರಸ್ತೆ ಬದಿಯ ಜಮೀನೂ ಚಿಕ್ಕ ಮಗನಿಗೆ. ಮಗಳಿಗೆ ಅರಿಶಿನ ಕುಂಕುಮಕ್ಕೆಂದು ಎರಡು ಲಕ್ಷ ರೂಪಾಯಿ. ಅದಕ್ಕೆ ಪ್ರತಿಯಾಗಿ ಅವಳಿಂದ ಹಕ್ಕು ಬಿಡುಗಡೆ ಪತ್ರ. ಎತ್ತು, ಗಾಡಿ, ಹಸು, ಪಾತ್ರೆ ಪಡಗಗಳಿಗೆ ಹಾಳೆಯ ಹಿಂಬದಿಯಲ್ಲಿ ಒಂದು ಪಟ್ಟಿ. ತೀರ ಕೆಳಗೆ, ಜಾಗ ಸಾಲದೆ ಓರೆಯಾಗಿ ಬರೆದದ್ದು: "ತಂದೆ ತಾಯಿ, ಒಂದು ತಿಂಗಳು ಊರಿನಲ್ಲಿ, ಒಂದು ತಿಂಗಳು ಬೆಂಗಳೂರಿನಲ್ಲಿ."

ಯಜಮಾನರ ಪತ್ನಿ ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದರು. ನಾನು ಆ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಾಗ ಸೆರಗು ಸರಿಮಾಡಿಕೊಳ್ಳುತ್ತ ಕೇಳಿದರು: "ಮೂವತ್ತೊಂದು ದಿನದ ತಿಂಗಳು ಯಾರ ಪಾಲಿಗೆ ಬರುತ್ತದೆ?"

ಯಾರೂ ಮಾತಾಡಲಿಲ್ಲ. ಹಾಳೆಯನ್ನು ಮತ್ತೆ ಮಡಿಸಿ ಯಜಮಾನರ ಕೈಗೇ ಕೊಟ್ಟೆ. ಇದು ಮೊದಲಿನಿಂದ ಆಗಬೇಕು ಎಂದೆ. ಅದು 2022ರ ಜನವರಿ. ಪಾಲುಪಾರಿಕತ್ತು, ಅಂದರೆ ಆಸ್ತಿ ವಿಭಾಗದ ಪತ್ರ, ನೋಂದಣಿಯಾದದ್ದು ಆ ವರ್ಷದ ದೀಪಾವಳಿ ಕಳೆದ ಮೇಲೆ.

ಯಾವುದನ್ನು ಹಂಚಬಹುದು

ಊರು, ಹೆಸರು ಬೇಡ. ತುಮಕೂರು ಜಿಲ್ಲೆಯ ತೆಂಗಿನ ಸೀಮೆ ಎಂದಷ್ಟೇ ಹೇಳುತ್ತೇನೆ. ಗುರುತು ಹತ್ತದಿರಲೆಂದು ಅಂಕಿಗಳನ್ನು ಅಲ್ಲಲ್ಲಿ ಸ್ವಲ್ಪ ಕದಲಿಸಿದ್ದೇನೆ. ಯಜಮಾನರಿಗೆ 74 ವರ್ಷ, ಪತ್ನಿಗೆ 68. ದೊಡ್ಡ ಮಗನಿಗೆ 50. ಓದು ಹತ್ತದೆ ಚಿಕ್ಕ ವಯಸ್ಸಿಗೇ ನೇಗಿಲು ಹಿಡಿದವನು. ಮಗಳಿಗೆ 47, 1993ರಲ್ಲಿ ಮದುವೆಯಾಗಿ ಹದಿನೆಂಟು ಕಿಲೋಮೀಟರ್ ದೂರದ ಊರಿಗೆ ಹೋದವಳು. ಚಿಕ್ಕ ಮಗನಿಗೆ 42. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ.

ಜಮೀನು ಮೂರು ಕಡೆ. ಕೆರೆಯ ಹಿಂದೆ ಎರಡು ಎಕರೆ ತೆಂಗಿನ ತೋಟ, ಅದರಲ್ಲೊಂದು ಕೊಳವೆ ಬಾವಿ. ಊರಾಚೆಯ ಇಳಿಜಾರಿನಲ್ಲಿ ನಾಲ್ಕು ಎಕರೆ ಇಪ್ಪತ್ತು ಗುಂಟೆ ಖುಷ್ಕಿ, ಅಂದರೆ ಮಳೆ ನಂಬಿದ ಹೊಲ. ಈ ಎರಡೂ 1978ರಲ್ಲಿ ಯಜಮಾನರು ತಮ್ಮ ಅಣ್ಣತಮ್ಮಂದಿರಿಂದ ಪಾಲಾದಾಗ ಬಂದವು. ಮೂರನೆಯದು ರಸ್ತೆ ಬದಿಯ ಒಂದು ಎಕರೆ ಇಪ್ಪತ್ತು ಗುಂಟೆ. 1996ರಲ್ಲಿ ಯಜಮಾನರ ಹೆಸರಿಗೆ ಕ್ರಯ ಮಾಡಿಕೊಂಡದ್ದು.

ಪಹಣಿಯ, ಅಂದರೆ ಕಂದಾಯ ಇಲಾಖೆಯ ಜಮೀನು ದಾಖಲೆಯ, 9ನೇ ಕಾಲಂನಲ್ಲಿ ಮೂರೂ ಅವರ ಹೆಸರಿನಲ್ಲೇ ಇದ್ದವು. ನಮ್ಮ ರೈತರು ಎಡವುವುದು ಇಲ್ಲೇ. ಖಾತೆ ನನ್ನ ಹೆಸರಿನಲ್ಲಿದೆ, ಆದ್ದರಿಂದ ಇಷ್ಟ ಬಂದವರಿಗೆ ಕೊಡುತ್ತೇನೆ ಎನ್ನುತ್ತಾರೆ. ಖಾತೆ ಕಂದಾಯ ಕಟ್ಟುವವರ ಗುರುತು. ಹಕ್ಕಿನ ಮೂಲ ಬೇರೆಡೆ ಇರುತ್ತದೆ. ಹಿರಿಯರಿಂದ ಪಾಲಾಗಿ ಬಂದ ಜಮೀನಿನಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ. ಬದುಕಿರುವ ತಂದೆ ಅದನ್ನು ತಾನೇ ಮುಂದಾಗಿ ಪಾಲು ಮಾಡಬಹುದು, ಅದಕ್ಕೆ ಮಕ್ಕಳ ಒಪ್ಪಿಗೆಯೂ ಬೇಕಿಲ್ಲ. ಆದರೆ ಪಾಲು ನ್ಯಾಯವಾಗಿರಬೇಕು; ಇಲ್ಲವಾದರೆ ಕಡಿಮೆ ಸಿಕ್ಕವರು ಅದನ್ನು ಮತ್ತೆ ತೆರೆಸಬಹುದು.

ಈ ನಿಯಮಗಳ ಬುಡ ನಮ್ಮದೇ ನೆಲದಲ್ಲಿದೆ. ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಭಾಗ ಪಾಲಿಗೆ ಆಧಾರವಾಗಿ ಹಿಡಿದದ್ದು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನವಾದ ಮಿತಾಕ್ಷರವನ್ನು. ಅದನ್ನು ಬರೆದ ವಿಜ್ಞಾನೇಶ್ವರ ಇದ್ದದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. ತಂದೆ ಮಕ್ಕಳಿಗೆ ಸಮಪಾಲು ಮಾಡುವಾಗ ಹೆಂಡತಿಗೂ ಮಗನಷ್ಟೇ ಪಾಲು ಕೊಡಬೇಕೆಂಬ ಮಾತು ಅದು ವ್ಯಾಖ್ಯಾನಿಸುವ ಸ್ಮೃತಿಯಲ್ಲೇ ಇದೆ. ದಕ್ಷಿಣದಲ್ಲಿ, ಅದರಲ್ಲೂ ಮದರಾಸಿನ ಕಡೆ, ಆ ಮಾತು ಬಳಕೆ ತಪ್ಪಿತು. ಹಳೆಯ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿಗೆಂದು ಕಾಯ್ದೆ ಮಾಡಿ ಪಾಲಿನಲ್ಲಿ ಅವರಿಗೆ ಜಾಗ ಕೊಟ್ಟಿತ್ತು. ಆ ಮೈಸೂರು ಸೀಮೆಯ ಯಜಮಾನರು 2022ರಲ್ಲಿ ತಂದ ಹಾಳೆಯಲ್ಲಿ ಹೆಂಡತಿಗೆ ಸಿಕ್ಕದ್ದು ತಿಂಗಳ ಸರದಿ.

ಮಗಳ ವಿಷಯಕ್ಕೆ ದೊಡ್ಡ ಮಗ ಒಂದು ತಯಾರಾದ ಮಾತು ಇಟ್ಟುಕೊಂಡಿದ್ದ: "ಅವಳ ಮದುವೆ 94ಕ್ಕಿಂತ ಮುಂಚೆ ಆಗಿದೆ, ಅವಳಿಗೆ ಬರುವುದಿಲ್ಲ." ಇದು ಹುಸಿಯಲ್ಲ, ಹಳತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಿಂದ ಹೆಣ್ಣುಮಕ್ಕಳನ್ನು ಸಹದಾಯಾದಿಗಳೆಂದು, ಅಂದರೆ ಹುಟ್ಟಿನಿಂದಲೇ ಪಾಲುಳ್ಳವರೆಂದು ಒಪ್ಪಿತ್ತು, ಅದಕ್ಕೂ ಮೊದಲು ಮದುವೆಯಾದವರನ್ನು ಬಿಟ್ಟು. ಆ ಗೆರೆ ಊರೂರಿನ ಕಟ್ಟೆಗಳ ಮೇಲೆ ಇವತ್ತಿಗೂ ಚಾಲ್ತಿಯಲ್ಲಿದೆ. ಆದರೆ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಅದನ್ನು ಅಳಿಸಿಹಾಕಿತು. ಮದುವೆ ಯಾವಾಗ ಆಯಿತೆಂಬ ಪ್ರಶ್ನೆಯೇ ಅಲ್ಲಿಲ್ಲ. ಆ ದಿನಕ್ಕೆ ತಂದೆ ಬದುಕಿರಬೇಕೇ ಎಂಬ ಗೊಂದಲ ಕೆಲವು ವರ್ಷ ನಡೆದು, 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬದುಕಿರಬೇಕಿಲ್ಲ ಎಂದು ಅದಕ್ಕೂ ತೆರೆ ಎಳೆಯಿತು. ನಮ್ಮ ಪ್ರಕರಣದಲ್ಲಂತೂ ತಂದೆ ನನ್ನ ಎದುರಿಗೇ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮಗಳ ಪಾಲು ಮಗನಷ್ಟೇ.

ಹಕ್ಕು ಬಿಡುಗಡೆ ಪತ್ರ ತಪ್ಪಲ್ಲ, ಅವಳು ಮನಸ್ಸಾರೆ ಬರೆದರೆ. ಅವಳನ್ನು ಒಬ್ಬಳನ್ನೇ ಕರೆಸಿ ಕೇಳಿದೆ. ಅಳುತ್ತಾಳೆ, ತವರಿನ ಮಾತಾಡುತ್ತಾಳೆ ಎಂದುಕೊಂಡಿದ್ದವನು ನಾನು. ಅವಳು ಲೆಕ್ಕ ಹೇಳಿದಳು: "ಆ ಎರಡು ಲಕ್ಷವನ್ನು ಅಣ್ಣ ಎಲ್ಲಿಂದ ತರುತ್ತಾನೆ ಸಾರ್? ಸಾಲ ಮಾಡಿ ಕೊಡುತ್ತಾನೆ. ಬಡ್ಡಿ ಕಟ್ಟುವಾಗಲೆಲ್ಲ ನನ್ನ ಹೆಸರು ಹಿಡಿದು ಬೈಯುತ್ತಾನೆ. ಹೊಲವನ್ನೇ ಕೊಟ್ಟರೆ ಬೈಯುವುದಕ್ಕೆ ಏನಿದೆ?"

ಕಾಲಂ ಇಲ್ಲದ ಬಾಬ್ತುಗಳು

ಮಾರ್ಚ್ ತಿಂಗಳ ಒಂದು ಭಾನುವಾರ ಎಲ್ಲರನ್ನೂ ಅವರ ಮನೆಯ ಜಗುಲಿಯ ಮೇಲೆ ಕೂರಿಸಿದೆವು; ಊರಿನ ಇಬ್ಬರು ಹಿರಿಯರೂ ಇದ್ದರು. ಜಮೀನಿನ ಮಾತು ಎತ್ತುವ ಮೊದಲು ಪ್ರತಿಯೊಬ್ಬರೂ ಈ ಮನೆಗೆ ತಾವು ಹಾಕಿದ್ದೇನು ಎಂದು ಹೇಳಬೇಕು, ಹೇಳುವಾಗ ಬೇರೆಯವರು ಬಾಯಿ ಹಾಕಬಾರದು ಎಂದು ಕಟ್ಟು ಮಾಡಿದೆ. ಈ ಕೆಲಸವನ್ನು ನಾನು ಯಾವ ಕಾನೂನು ಪುಸ್ತಕದಿಂದಲೂ ಕಲಿತದ್ದಲ್ಲ. ತಾಲ್ಲೂಕು ನ್ಯಾಯಾಲಯದಲ್ಲಿ ಪಾಲಿನ ದಾವೆಗಳ ಪಾಟೀ ಸವಾಲು ಕೇಳಿ ಕೇಳಿ ಬಂದ ಬುದ್ಧಿ. ವಾದಪತ್ರದಲ್ಲಿ ಸರ್ವೆ ನಂಬರು ಇರುತ್ತದೆ. ಸಾಕ್ಷಿ ಕಟಕಟೆಯಲ್ಲಿ ನಿಂತಾಗ ಹೊರಗೆ ಬರುವುದು ಸರ್ವೆ ನಂಬರಲ್ಲ.

ದೊಡ್ಡ ಮಗ ಶುರುಮಾಡಿದ. 2014ರಲ್ಲಿ ಮೂರು ಕೊಳವೆ ಬಾವಿ ಕೊರೆಸಿದ್ದ. ಎರಡರಲ್ಲಿ ಬರೀ ದೂಳು, ಮೂರನೆಯದರಲ್ಲಿ ಎರಡಿಂಚು ನೀರು. ಎಲ್ಲ ಸೇರಿ 2,40,000 ರೂಪಾಯಿ. ಅಷ್ಟು ಹೇಳಿ ಸುಮ್ಮನಾದ. ಒಳಗಿನಿಂದ ಅವನ ಹೆಂಡತಿ ಚಹಾದ ಲೋಟಗಳನ್ನು ತಂದಿಟ್ಟು, ಒಳಗೆ ಹೋಗದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಎರಡೂ ಕೈಯಲ್ಲಿ ಗಾಜಿನ ಬಳೆ. "ನನ್ನ ನಾಲ್ಕು ಚಿನ್ನದ ಬಳೆ ಆ ಮೂರನೆಯ ಬೋರಿನಲ್ಲಿವೆ" ಎಂದಳು. ಅವಳು ಈ ಪಾಲಿನಲ್ಲಿ ಪಕ್ಷಗಾರಳೇ ಅಲ್ಲ. ಅವಳ ಬಳೆಗೆ ಪಹಣಿಯಲ್ಲಿ ಕಾಲಂ ಇಲ್ಲ. ಬೆಳೆಗೆ ಇದೆ, ಸಾಲಕ್ಕೆ ಇದೆ, ನೀರಾವರಿಯ ಮೂಲಕ್ಕೂ ಇದೆ.

ಚಿಕ್ಕ ಮಗನದು ತಾರಸಿ. ಹೆಂಚು ಸೋರುತ್ತಿದ್ದ ಮನೆಗೆ 2012ರಲ್ಲಿ ಆರ್‌ಸಿಸಿ ಹಾಕಿಸಲು 1,50,000 ರೂಪಾಯಿ ಕಳುಹಿಸಿದ್ದ. ಬ್ಯಾಂಕಿನ ಪಾಸ್‌ಬುಕ್ ತಂದಿದ್ದ, ಪಾಪ. ಯಾರೂ ಕೇಳದಿದ್ದರೂ ತೆರೆದು ತೋರಿಸಿದ. ಮಗಳು ತಾನು ಹಾಕಿದ್ದೇನೂ ಇಲ್ಲ ಎಂದಳು. ಅಲ್ಲಿಗೆ ತಾಯಿ ತಡೆದರು: "ಹದಿನೆಂಟು ವರ್ಷ ಈ ಮನೆಯ ಸಗಣಿ ಬಾಚಿದ್ದು ಯಾರು?"

ಆಮೇಲೆ ರಸ್ತೆ ಬದಿಯ ಜಮೀನು. ಅದು ತಮ್ಮ ಸ್ವಯಾರ್ಜಿತ ಎಂದು ಯಜಮಾನರು. "ಯಾವ ದುಡಿಮೆ ಅಪ್ಪ? ತೋಟದ ಕೊಬ್ಬರಿ ಮಾರಿದ ದುಡ್ಡಿನಲ್ಲಿ ತಾನೇ ಕೊಂಡದ್ದು?" ಎಂದು ಚಿಕ್ಕ ಮಗ. ಇದು ಗಟ್ಟಿ ಪ್ರಶ್ನೆ. ಕುಟುಂಬಕ್ಕೆ ಉಳಿತಾಯವಾಗುವಷ್ಟು ಆದಾಯ ತರುವ ಪಿತ್ರಾರ್ಜಿತ ಇದ್ದಾಗ, ಯಜಮಾನ ಕೊಂಡದ್ದು ತನ್ನ ಸ್ವಂತದ್ದು ಎಂದು ಸಾಬೀತು ಮಾಡುವ ಭಾರ ಅವನ ಮೇಲೇ ಬೀಳುತ್ತದೆ. ಯಜಮಾನರು ಎದ್ದು ಒಳಗೆ ಹೋಗಿ ಬಿಸ್ಕತ್ತಿನ ತಗಡಿನ ಡಬ್ಬ ತಂದರು. ಅದರಲ್ಲಿ 1993ರಿಂದ 95ರವರೆಗಿನ ತಿಪಟೂರು ಮಾರುಕಟ್ಟೆಯ ಮಂಡಿ ಚೀಟಿಗಳು, ಸುತಳಿ ಕಟ್ಟಿದ್ದವು. ಆ ಮೂರು ವರ್ಷ ಅವರು ಬೇರೆಯವರ ತೋಟಗಳ ಫಸಲನ್ನು ಗುತ್ತಿಗೆ ಹಿಡಿದು ಕೊಬ್ಬರಿ ಮಾಡಿ ಮಾರಿದ್ದರು. ಪೂರ್ತಿ ಸ್ವಯಾರ್ಜಿತವೆಂದು ನ್ಯಾಯಾಲಯ ಒಪ್ಪುತ್ತಿತ್ತೇ? ನಾನು ಬಾಜಿ ಕಟ್ಟುತ್ತಿರಲಿಲ್ಲ. ಆದರೆ ಚಿಕ್ಕ ಮಗ ಆ ಚೀಟಿಗಳನ್ನು ಒಂದೊಂದಾಗಿ ಓದಿದ; ಒಂದರ ಹಿಂದೆ ಅವನ ಶಾಲೆಯ ಫೀಸಿನ ಲೆಕ್ಕ ಪೆನ್ಸಿಲಿನಲ್ಲಿ ಬರೆದಿತ್ತು.

ಅದೇ ಹೊತ್ತಿಗೆ ಹಿರಿಯರೊಬ್ಬರು ಅವನಿಗೊಂದು ಕೆಲಸ ಹಚ್ಚಿದರು: "ನಿನ್ನ ಅಣ್ಣನಿಗೆ ದಿನಕ್ಕೆ ಒಂದಾಳಿನ ಕೂಲಿ ಹಿಡಿ. ಇಪ್ಪತ್ತೈದು ವರ್ಷಕ್ಕೆ ಎಷ್ಟಾಗುತ್ತದೆ, ಮೊಬೈಲ್‌ನಲ್ಲಿ ಗುಣಿಸಿ ನೋಡು." ಅವನು ಗುಣಿಸತೊಡಗಿದ, ಮಧ್ಯದಲ್ಲಿ ನಿಲ್ಲಿಸಿ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಮೊತ್ತ ಎಷ್ಟೆಂದು ಹೇಳಲಿಲ್ಲ.

ಕೊಳವೆ ಬಾವಿ ಮತ್ತು ತಾರಸಿಯ ಲೆಕ್ಕ ಹೀಗೆ ಮುಗಿಯಿತು. ಮುಂದೆ ಹೇಳುವಂತೆ ಮಗಳು ತೋಟದಲ್ಲಿ ಪಾಲು ಬೇಡವೆಂದಳು; ಹಾಗಾಗಿ ಬಾವಿ ತೋಟದ ನಾಲ್ಕು ಪಾಲುದಾರರದು, ತಲೆಗೆ 60,000. ತಾರಸಿ ತಂದೆ, ತಾಯಿ, ಮೂವರು ಮಕ್ಕಳು ಸೇರಿ ಐವರದು, ತಲೆಗೆ 30,000. ಅಣ್ಣ ತಮ್ಮಂದಿರ ನಡುವೆ ಒಂದಕ್ಕೊಂದು ವಜಾ ಮಾಡಿದರೆ ತಮ್ಮ 30,000 ಕೊಡಬೇಕು. ತಂದೆ ತಾಯಿಯಿಂದಲೂ ಅಕ್ಕನಿಂದಲೂ ತನಗೆ ಬರಬೇಕಾದದ್ದನ್ನು ಅವನು ಕೇಳಲಿಲ್ಲ. ಆ ಮೂವತ್ತು ಸಾವಿರವನ್ನು ಅಣ್ಣನ ಕೈಗೆ ಕೊಡದೆ ಅತ್ತಿಗೆಯ ಕೈಗೆ ಕೊಟ್ಟ. ನಾಲ್ಕು ಬಳೆಗೆ ಅದು ಯಾವ ಮೂಲೆಗೂ ಸಾಲದು. ಆದರೂ ಆಕೆ ಎಣಿಸದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಗುಂಟೆಗೆ ಗುಂಟೆ ಸಮವಲ್ಲ

ಪಿತ್ರಾರ್ಜಿತ ಆರು ಎಕರೆ ಇಪ್ಪತ್ತು ಗುಂಟೆ, ಅಂದರೆ 260 ಗುಂಟೆ. ಮೇಲಿನ ಹೊಲದಲ್ಲಿ ಹಳ್ಳ ಹರಿಯುವ 10 ಗುಂಟೆ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ. ಅದನ್ನು ಯಾರಿಗೂ ಹಂಚುವಂತಿಲ್ಲ. ಉಳಿದದ್ದು 250. ತಂದೆ, ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು; ತಾಯಿಯ ಪಾಲಿನ ಬಗ್ಗೆ ಕಾನೂನಿನ ಜಗ್ಗಾಟಕ್ಕೆ ಹೋಗದೆ ಎಲ್ಲರೂ ಒಪ್ಪಿ ಐದು ಪಾಲೆಂದು ಬರೆದೆವು. ಐದರಿಂದ ಭಾಗಿಸಿದರೆ ತಲೆಗೆ ಐವತ್ತು ಗುಂಟೆ. ಕಾಗದದ ಮೇಲೆ ಎಷ್ಟು ಚೆಂದ! ದೇಶದಲ್ಲಿ ಸರಾಸರಿ ಹಿಡುವಳಿ 1970-71ರಲ್ಲಿ 2.28 ಹೆಕ್ಟೇರ್ ಇದ್ದದ್ದು 2015-16ಕ್ಕೆ 1.08ಕ್ಕೆ ಇಳಿದಿದೆ, ಅದು ಇಳಿದದ್ದರಲ್ಲಿ ಇಂಥ ಭಾಗಾಕಾರಗಳ ಕೈ ದೊಡ್ಡದು.

ತೋಟದ ಐವತ್ತು ಗುಂಟೆಯೂ ಹೊಲದ ಐವತ್ತು ಗುಂಟೆಯೂ ಒಂದೇ ಆದರೆ ನಾನು ವಕೀಲಿಕೆ ಬಿಟ್ಟು ಹೊಲ ಕೊಳ್ಳುತ್ತೇನೆ. ತೋಟದ ಒಂದು ಗುಂಟೆಗೆ ಹೊಲದ ಎಷ್ಟು ಗುಂಟೆ ಸಮ ಎಂಬುದಕ್ಕೆ ಎರಡು ಸಂಜೆ ಹೋದವು. ತೋಟದ ಮೇಲೆ ಕಣ್ಣಿಟ್ಟ ದೊಡ್ಡವನು ಎರಡು ಎಂದ, ಹೊಲವೇ ತನಗೆ ಬರುತ್ತದೆಂದುಕೊಂಡಿದ್ದ ಚಿಕ್ಕವನು ನಾಲ್ಕು ಎಂದ. ಹಿರಿಯರು ಮೂರಕ್ಕೆ ಕಟ್ಟಿದರು. ಹಾಗೆ ಹಿಡಿದರೆ 80 ಗುಂಟೆ ತೋಟ 240 ಆಯಿತು, ಹೊಲ 170, ಒಟ್ಟು 410. ಒಂದು ಪಾಲಿಗೆ 82.

ಮಗಳು ತನಗೆ ತೋಟವೇ ಬೇಡ ಎಂದಳು. ಹದಿನೆಂಟು ಕಿಲೋಮೀಟರ್ ದೂರದಿಂದ ಬಂದು ನೀರು ಕಟ್ಟುವವರಾರು? ಅವಳ ಪೂರ್ತಿ 82 ಗುಂಟೆ, ಎರಡು ಎಕರೆ ಎರಡು ಗುಂಟೆ, ಮೇಲಿನ ಹೊಲದಲ್ಲೇ ಹೋಯಿತು. ಉಳಿದ ನಾಲ್ವರಿಗೆ ತಲಾ 20 ಗುಂಟೆ ತೋಟ, 22 ಗುಂಟೆ ಹೊಲ. ಕೂಡಿ ನೋಡಿ, ತಾಳೆಯಾಗುತ್ತದೆ. ನನ್ನ ವೃತ್ತಿಯಲ್ಲಿ ಲೆಕ್ಕ ಇಷ್ಟು ಸಲೀಸಾಗಿ ಕೂಡಿಬಂದದ್ದು ಕಡಿಮೆ.

ಭಾಗಾಕಾರ ಮುಗಿದ ಮೇಲೆ ನೆಲದ ಕೆಲಸ. ಸರ್ವೆ ನಂಬರಿನ ಒಂದು ತುಂಡನ್ನು ಬೇರೆ ಮಾಡಿ ನೋಂದಾಯಿಸಬೇಕಾದರೆ ಆ ತುಂಡನ್ನು ಅಳೆದು ಗುರುತಿಸುವ 11ಇ ನಕ್ಷೆ ಮೊದಲೇ ಆಗಿರಬೇಕು. ಪರವಾನಗಿ ಪಡೆದ ಭೂಮಾಪಕರು ಬಂದ ದಿನ ನಾನೂ ಹೋದೆ. ಹೋಗುವುದು ನನ್ನ ಚಟ. ತೋಟ 396 ಅಡಿಗೆ 220 ಅಡಿಯ ಆಯ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. ದೊಡ್ಡ ಮಗ ಉದ್ದಕ್ಕೆ ಸೀಳೋಣ ಎಂದ. ಹಾಗೆ ಸೀಳಿದರೆ 55 ಅಡಿ ಅಗಲದ ನಾಲ್ಕು ಪಟ್ಟಿ. ಮೂವತ್ತು ಅಡಿ ಅಂತರದ ತೆಂಗಿನಲ್ಲಿ ಎರಡು ಸಾಲೂ ನೆಟ್ಟಗೆ ಕೂರುವುದಿಲ್ಲ, ಮೇಲಾಗಿ ದಾರಿ ಒಬ್ಬರಿಗೆ ಮಾತ್ರ. ಅಡ್ಡಕ್ಕೆ ಕತ್ತರಿಸಿದರೆ 99 ಅಡಿ ಅಗಲದ ನಾಲ್ಕು ತುಂಡು. ನಾಲ್ಕಕ್ಕೂ ದಾರಿ, ನಾಲ್ಕಕ್ಕೂ ಕಾಲುವೆ. ಅಡ್ಡಕ್ಕೇ ನಿಂತಿತು.

ಆದರೆ 99 ಅಡಿಯ ಗೆರೆ ಮರದ ಸಾಲು ನೋಡಿ ಬೀಳುವುದಿಲ್ಲ. ಸುಣ್ಣದ ಪುಡಿ ಹಾಕಿಕೊಂಡು ಹೋದಾಗ ಎರಡು ಕಡೆ ಗೆರೆ ಮರದ ಬುಡವನ್ನೇ ಸೀಳಿತು. ಅಳತೆಯವರು ಗೆರೆ ಬದಲಿಸುವುದಿಲ್ಲ ಎಂದರು, ಸರಿಯೇ. ಮರ ಯಾವ ಕಡೆ ಹೆಚ್ಚು ವಾಲಿದೆಯೋ ಅವರದು ಎಂದು ತೀರ್ಮಾನಿಸಿ ಎಣಿಸಿದಾಗ ನಾಲ್ಕು ತುಂಡುಗಳಲ್ಲಿ 19, 23, 24, 24 ಮರ, ಒಟ್ಟು ತೊಂಬತ್ತು. ಹತ್ತೊಂಬತ್ತು ಮರದ ತುಂಡಿನಲ್ಲೇ ಕೊಳವೆ ಬಾವಿ ಇತ್ತು. ಅದನ್ನು ತಾಯಿಯ ಹೆಸರಿಗೆ, ಅದರ ಪಕ್ಕದ್ದನ್ನು ತಂದೆಯ ಹೆಸರಿಗೆ ಇಟ್ಟೆವು. ಇದು ನನ್ನ ಹಟ. ನೀರು ಯಾರ ನೆಲದಲ್ಲಿದೆಯೋ ಅವರ ಮಾತಿಗೆ ಮನೆಯಲ್ಲಿ ತೂಕ ಇರುತ್ತದೆ.

ಉಳಿದ ಎರಡಕ್ಕೆ ಹಳೆಯ ಪದ್ಧತಿ: ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಿಕೊಳ್ಳಬೇಕು. ಗೆರೆಯ ಮರಗಳ ತಗಾದೆಯಲ್ಲಿ ದೊಡ್ಡವನು ಅಷ್ಟು ನಿಷ್ಪಕ್ಷಪಾತವಾಗಿ ನಡೆದುಕೊಂಡದ್ದು ಇದು ಗೊತ್ತಿದ್ದುದರಿಂದಲೇ ಎಂದು ನನ್ನ ಗುಮಾನಿ.

ಮೇಲಿನ ಹೊಲದಲ್ಲಿ ಕಷ್ಟ ಇಳಿಜಾರಿನದು. ಮೇಲ್ತುದಿ ಗರಸು, ಕೆಳತುದಿಯಲ್ಲಿ ಮೇಲಿಂದ ಕೊಚ್ಚಿ ಬಂದ ಮೆಕ್ಕಲು. ಅಡ್ಡಕ್ಕೆ ಕತ್ತರಿಸಿದರೆ ಒಬ್ಬರಿಗೆ ಬರೀ ಗರಸು. ಆದ್ದರಿಂದ ಮೇಲಿನಿಂದ ಕೆಳಕ್ಕೆ ಪಟ್ಟಿ ಮಾಡಿ, ಪ್ರತಿಯೊಬ್ಬರಿಗೂ ಒಳ್ಳೆಯದೂ ಕೆಟ್ಟದ್ದೂ, ಕೆಳಗಿನ ಬಂಡಿ ದಾರಿಯೂ ಮುಟ್ಟುವಂತೆ ಮಾಡಿದೆವು. ಪಾಲಿಗೆ ಇದು ನ್ಯಾಯ, ಮಣ್ಣಿಗೆ ಅನ್ಯಾಯ: ಕಿರಿದಾದ ಪಟ್ಟಿಯಲ್ಲಿ ಉಳುವವನು ಇಳಿಜಾರಿನ ಗುಂಟ ಉಳುತ್ತಾನೆ, ಮಳೆ ನೀರು ಆ ಸಾಲಿನಲ್ಲೇ ಮಣ್ಣನ್ನು ಹೊತ್ತೊಯ್ಯುತ್ತದೆ. ಮಗಳದು ಬಿಟ್ಟು ಉಳಿದ ನಾಲ್ಕು ಪಟ್ಟಿಗಳನ್ನು ದೊಡ್ಡವನು ಒಟ್ಟಾಗಿಯೇ ಅಡ್ಡ ಉಳುತ್ತಾನೆಂದು ಮಾತಾಯಿತು. ಇದು ಬಾಯಿಮಾತೇ. ಕೃಷಿ ಜಮೀನನ್ನು ಗುತ್ತಿಗೆಗೆ ಕೊಡುವುದಕ್ಕೆ 1961ರ ಭೂ ಸುಧಾರಣಾ ಕಾಯ್ದೆಯ ತಡೆ ಇದೆ, ಪತ್ರದಲ್ಲಿ ಬರೆಯುವಂತಿಲ್ಲ.

ನೀರಿನ ಷರತ್ತಿಗೆ ಪತ್ರದಲ್ಲಿ ಒಂದೂವರೆ ಪುಟ ಹೋಯಿತು. ಎಂಟು ದಿನದ ಸುತ್ತು, ಒಬ್ಬೊಬ್ಬರಿಗೆ ಎರಡು ದಿನ. ವಾರದ ಲೆಕ್ಕ ಬೇಡವೆಂದೆ: ಏಳನ್ನು ನಾಲ್ಕರಿಂದ ಭಾಗಿಸಲು ಹೋದ ಮನೆಗಳ ದಾವೆಗಳು ನನ್ನ ಕಪಾಟಿನಲ್ಲಿವೆ. ವಿದ್ಯುತ್ತಿನ ಆರ್‌ಆರ್ ನಂಬರು ದೊಡ್ಡವನ ಹೆಸರಿನಲ್ಲೇ ಇರಲಿ. ಮೋಟಾರು ಸುಟ್ಟರೆ ಯಾರ ಸರದಿಯಲ್ಲಿ ಸುಟ್ಟಿತೆಂದು ನೋಡದೆ ನಾಲ್ಕು ಪಾಲು. ಬಾವಿ ಬತ್ತಿದರೆ ಹೊಸದನ್ನು ಕೊರೆಸಿದವರದೇ ಹೊಸ ನೀರು. ದಾರಿಗೆ ಹತ್ತು ಅಡಿ. ಪಾಲಾದ ಆಸ್ತಿಯಲ್ಲಿ ಒಬ್ಬರ ಭಾಗವನ್ನು ಅನುಭವಿಸಲು ಇನ್ನೊಬ್ಬರ ಭಾಗದ ಮೇಲೆ ದಾರಿ ಅನಿವಾರ್ಯವಾದರೆ ಆ ಹಕ್ಕು ತಾನಾಗಿಯೇ ಉಂಟೆಂದು 1882ರ ಅನುಭೋಗದ ಹಕ್ಕುಗಳ ಕಾಯ್ದೆ ಹೇಳುತ್ತದೆ, ನಿಜ. ಆದರೆ ಕಾಯ್ದೆ ಅಡಿಗಳನ್ನು ಹೇಳುವುದಿಲ್ಲ. ಎಂಟು ಅಡಿ ಬಿಟ್ಟರೆ ಟ್ರ್ಯಾಕ್ಟರು ಹೋಗುತ್ತದೆ, ಹುಲ್ಲಿನ ಹೇರು ಹೋಗುವುದಿಲ್ಲ.

ಅಪ್ಪ ತನಗೆ ಉಳಿಸಿಕೊಂಡದ್ದು

ರಸ್ತೆ ಬದಿಯ 60 ಗುಂಟೆ ಯಜಮಾನರ ಸ್ವಯಾರ್ಜಿತವೆಂದು ಮೂವರು ಮಕ್ಕಳೂ ಪಾಲುಪಾರಿಕತ್ತಿನಲ್ಲೇ ಒಪ್ಪಿ ರುಜು ಹಾಕಿದರು. ಅದರಲ್ಲಿ 20 ಗುಂಟೆಯನ್ನು ಅವರು ದೊಡ್ಡ ಮಗನಿಗೆ ದಾನಪತ್ರ ಮಾಡಿದರು. ಅವನ ಇಪ್ಪತ್ತೈದು ವರ್ಷದ ಕೂಲಿ, ಬಾವಿಯಲ್ಲಿ ತಂದೆ ತಾಯಿಯ ಭಾಗದ ಬಾಕಿ, ಎರಡೂ ಅದರಲ್ಲೇ ತೀರಿದಂತೆ. ಚಿಕ್ಕವನಿಗೆ ಆ ಜಮೀನನ್ನು ಮಾರಿ ಬೆಂಗಳೂರಿನಲ್ಲಿ ನಿವೇಶನ ಕೊಳ್ಳುವ ಆಸೆಯಿತ್ತು. ಆ ಆಸೆ ಬಿಟ್ಟದ್ದು ಅವನ ದೊಡ್ಡತನವೇ. ಅಂದು ನಿಲ್ಲಿಸಿದ ಗುಣಾಕಾರದ ನಂತರ ಅವನು ಮತ್ತೆ ಆ ಮಾತೆತ್ತಲಿಲ್ಲ.

ದಾನಪತ್ರಕ್ಕೆ ನಾನೊಂದು ಷರತ್ತು ಸೇರಿಸಿದೆ: ದಾನ ಪಡೆದವನು ದಾನಿಯ ಮತ್ತು ಅವರ ಪತ್ನಿಯ ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಪ್ರಕಾರ, ಅಂಥ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಷರತ್ತು ಮುರಿದಾಗ ವಾಪಸ್ ಪಡೆಯಬಹುದು. ಷರತ್ತು ಪತ್ರದಲ್ಲೇ ಇದ್ದರೆ ಜಗಳ ಕಡಿಮೆ. ಓದಿ ಹೇಳಿದಾಗ ದೊಡ್ಡ ಮಗನ ಮುಖ ಸಣ್ಣದಾಯಿತು. "ನನ್ನ ಮೇಲೆ ನಂಬಿಕೆ ಇಲ್ಲವೇ ಅಪ್ಪ?"

"ಎತ್ತು ಸಾಧುವೆಂದು ಮೂಗುದಾರ ಹಾಕದೆ ಬಿಡುತ್ತೇವೆಯೇ?" ಎಂದರು ಯಜಮಾನರು. ರೈತನ ಮಗ; ಅರ್ಥವಾಯಿತು, ರುಜು ಹಾಕಿದ.

ಉಳಿದ 40 ಗುಂಟೆ ಯಜಮಾನರ ಹೆಸರಿನಲ್ಲೇ ಉಳಿಯಿತು; ತಮ್ಮ ನಂತರ ಪತ್ನಿಗೆ ಎಂದು ವಿಲ್ ಬರೆದರು, ಇಬ್ಬರು ಸಾಕ್ಷಿಗಳ ಎದುರು. "ಅವಳ ಜೀವಮಾನಕ್ಕೆ ಮಾತ್ರ, ಆಮೇಲೆ ಮಕ್ಕಳಿಗೆ" ಎಂದು ಬರೆಯಿರಿ ಎಂದಿದ್ದರು. ಬೇಡವೆಂದೆ. ಹೆಂಗಸಿಗೆ ಅರ್ಧಂಬರ್ಧ ಹಕ್ಕು ಬರೆದು, ಅದು ಪೂರ್ಣ ಹಕ್ಕೋ ಅಲ್ಲವೋ ಎಂದು 1956ರ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನ ಸುತ್ತ ಎರಡು ತಲೆಮಾರು ಬಡಿದಾಡಿದ್ದನ್ನು ನೋಡಿದ್ದೇನೆ. ಪೂರ್ಣ ಹಕ್ಕೇ ಬರೆದೆವು. ವಿಲ್ಲಿನಲ್ಲಿ ಏನಿದೆಯೆಂದು ಮಕ್ಕಳಿಗೆ ಅಂದೇ ಓದಿ ಹೇಳಿಸಿದೆ. ಗುಟ್ಟಾಗಿ ಪೆಟ್ಟಿಗೆಯಲ್ಲಿಟ್ಟ ವಿಲ್ಲು ಹೊರಬರುವುದು ತಿಥಿಯ ದಿನ, ಬಂದೊಡನೆ ಅದು ಖೋಟಾ ಎನ್ನುವವರೂ ಹುಟ್ಟಿಕೊಳ್ಳುತ್ತಾರೆ.

ಮನೆಯನ್ನು ಸದ್ಯಕ್ಕೆ ಒಡೆಯಲಿಲ್ಲ. ಸೊಸೈಟಿಯ ಸಾಲ 85,000 ಇತ್ತು; ಮೊದಲು ಅದನ್ನು ಐವರೂ ಸೇರಿ ತೀರಿಸಿ ಪಹಣಿಯಲ್ಲಿ ಸಾಲ ನಮೂದಾಗುವ 11ನೇ ಕಾಲಂ ಖಾಲಿ ಮಾಡಿಸಿದರು. ಮಗಳೂ ತನ್ನ 17,000 ಕೊಟ್ಟಳು. ಹಕ್ಕಿನಂತೆ ಹೊಣೆಯೂ ಅವಳದೆಂದು ಕಾಯ್ದೆಯೇ ಹೇಳುತ್ತದೆ. ಆದರೆ ಅವಳು ಹಣ ಎಣಿಸಿ ಕೊಟ್ಟ ಕ್ಷಣದಿಂದ ಅಣ್ಣನ "94"ರ ಮಾತು ನಿಂತುಹೋದದ್ದು ಕಾಯ್ದೆಯ ಬಲದಿಂದಲ್ಲ.

ಹಿಂಬದಿಯ ಪಟ್ಟಿ

ಸಾಮಾನಿನ ಪಟ್ಟಿಯಲ್ಲಿ ಏಳನೆಯ ಬಾಬ್ತು "ಕಾಸಿನ ಸರ ಒಂದು, ಚಿಕ್ಕ ಸೊಸೆಗೆ" ಎಂದಿತ್ತು. ಆ ಸರ ತಾಯಿಯ ಕೊರಳಲ್ಲಿತ್ತು. ಅವರ ತವರಿನವರು ಹಾಕಿದ್ದು, ಸ್ತ್ರೀಧನ. ಗಂಡ ಹಂಚುವ ಆಸ್ತಿಯೇ ಅಲ್ಲ. ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಯಜಮಾನರಿಗೆ ನಾಚಿಕೆಯಾಯಿತು, ದುರಾಸೆಯಿಂದ ಬರೆದದ್ದಲ್ಲ, ಮನೆಯಲ್ಲಿರುವುದೆಲ್ಲ ತನ್ನ ಪಟ್ಟಿಗೆ ಸೇರಿದ್ದು ಎಂಬ ಐವತ್ತು ವರ್ಷದ ಅಭ್ಯಾಸ.

ಜೋಡಿ ಎತ್ತನ್ನು ಒಡೆದರೆ ಎರಡೂ ಕೆಲಸಕ್ಕೆ ಬಾರವು. ನೊಗ, ನೇಗಿಲು, ಕೂರಿಗೆ, ಕುಂಟೆ, ಗಾಡಿ ಸಮೇತ ಉಳುವವನಿಗೆ ಹೋದವು. ಅದಕ್ಕೆ ಬದಲು ಹಸು ಎರಡನ್ನೂ ತಂದೆ ತಾಯಿ ಇಟ್ಟುಕೊಂಡರು, ಡೇರಿಯ ಬಟವಾಡೆ ತಾಯಿಯ ಖಾತೆಗೆ. ಪಾತ್ರೆಗಳನ್ನು ಅಂಗಳದಲ್ಲಿ ಹರಡಿ ಮೂರು ಗುಡ್ಡೆ ಮಾಡಿದರು. ಎಲ್ಲರ ಕಣ್ಣೂ ನೀರೊಲೆಯ ತಾಮ್ರದ ಹಂಡೆಯ ಮೇಲೆ. ಅದರ ಕಂಠದ ಸುತ್ತ ಯಜಮಾನರ ತಾಯಿಯ ಹೆಸರನ್ನು ಚುಕ್ಕೆ ಹೊಡೆದು ಬರೆಸಿತ್ತು. ಮಸಿ ಕೆರೆದಾಗ ಮಾತ್ರ ಓದಲು ಬರುತ್ತಿತ್ತು. ತೂಕಕ್ಕೆ ಹಾಕಿದರೆ ಏನೋ ಕೆಲವು ಸಾವಿರದ ತಾಮ್ರ. ಎಕರೆಗಟ್ಟಲೆ ಬಿಟ್ಟುಕೊಟ್ಟವರು ಇದಕ್ಕೆ ಅರ್ಧ ದಿನ ಹಿಡಿದರು. ಕೊನೆಗೆ ಚೀಟಿ ಎತ್ತಿದರು, ಮಗಳಿಗೆ ಬಂತು. ಅವಳ ಮನೆಯಲ್ಲಿ ಗ್ಯಾಸ್ ಗೀಸರ್ ಇದೆ. ಆದರೂ ಆ ಸಂಜೆಯೇ ಗಾಡಿ ಮಾಡಿಕೊಂಡು ಒಯ್ದಳು.

ಪತ್ರ ಉಪನೋಂದಣಿ ಕಚೇರಿಯಲ್ಲಿ ಆಯಿತು, ಅಲ್ಲಿಂದ ಖಾತೆ ಬದಲಾವಣೆಗೆಂದು ಕಳುಹಿಸುವ ಜೆ ಸ್ಲಿಪ್ ತಾಲ್ಲೂಕು ಕಚೇರಿಗೆ ಹೋಯಿತು, ಆಕ್ಷೇಪಣೆಯ ಅವಧಿ ಕಳೆದು ಖಾತೆಗಳು ಬದಲಾದವು. ತಾಯಿ ತಮ್ಮ ಪಹಣಿಯ ಪ್ರತಿ ಹಿಡಿದು ಬಂದು ತಮ್ಮ ಹೆಸರು ಎಲ್ಲಿದೆ ತೋರಿಸಿ ಎಂದರು. ತೋರಿಸಿದೆ. ಅಲ್ಲಿ ಬೆರಳಿಟ್ಟುಕೊಂಡು, ಬಾವಿ ಯಾವ ಸಾಲಿನಲ್ಲಿದೆ ಎಂದು ಕೇಳಿದರು.

ಇಷ್ಟೆಲ್ಲ ಮಾಡಿದ ನಾನು ಒಂದನ್ನು ಮರೆತಿದ್ದೆ. ಮೇಲಿನ ಹೊಲದಲ್ಲಿ ಅಣ್ಣನ ಪಟ್ಟಿಗೂ ಮಗಳ ಪಟ್ಟಿಗೂ ನಡುವಿನ ಬದುವಿನ ಮೇಲೆ ಒಂದು ದೊಡ್ಡ ಹುಣಸೆ ಮರ ಇದೆ. ಗಡಿ ಗುರುತಿನ ಬಾಂದು ಕಲ್ಲು ಅದರ ಬೇರಿನ ಸಂದಿಯಲ್ಲೇ ಕೂತಿದೆ. ತೋಟದ ತೊಂಬತ್ತು ತೆಂಗನ್ನು ಎಣಿಸಿ ಬರೆದ ಪತ್ರದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಕಳೆದ ಬೇಸಿಗೆಯಲ್ಲಿ ದೊಡ್ಡ ಮಗ ಫೋನ್ ಮಾಡಿ ಕೇಳಿದ: ಹಣ್ಣು ಬಡಿಸಬೇಕು, ಅಕ್ಕಪಕ್ಕದ ಕೊಂಬೆಗಳು ಯಾರ ಯಾರ ಲೆಕ್ಕಕ್ಕೆ? ತಂಗಿ ಏನೆನ್ನುತ್ತಾಳೆ ಎಂದು ಕೇಳಿದೆ.

"ಅವಳು ಚೀಲ ತಂದು ಮರದ ಕೆಳಗೆ ಕೂತಿದ್ದಾಳೆ" ಎಂದ. "ನಿಮ್ಮನ್ನು ಕೇಳಿ ಬಾ ಎಂದು ಅವಳೇ ಹೇಳಿದಳು."